ನಾಲ್ಕು ಮಕ್ಕಳಿಗೆ ಒಂದು ಕತ್ತರಿ

ಬುಧವಾರ ಬೆಳಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಕಿವಿ ಮೇಡಂ ಒಂದು ಶಾಲೆಯ ಒಂದನೇ ತರಗತಿಯ ಹಿಂದಿನ ಮೂಲೆಯಲ್ಲಿ, ಆರು ವರ್ಷದವರಿಗೆಂದು ಮಾಡಿಸಿದ ಕುರ್ಚಿಯ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತು, ಚೀಲದೊಳಗೆ ಕೈಹಾಕಿ, ಸದ್ದು ಅಳೆಯುವ ಮೀಟರಿನ ಗುಂಡಿ ಒತ್ತುತ್ತಿದ್ದಳು.

ಮೀಟರು ಅವಳ ಸ್ವಂತದ್ದು. ಹದಿನಾಲ್ಕು ವರ್ಷದಿಂದ ಅವಳು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಜನರ ಕಿವಿ ಪರೀಕ್ಷೆ ಮಾಡುತ್ತಾಳೆ. ಎರಡು ಬಾಗಿಲಿನ, ಗೋಡೆಗೆಲ್ಲ ಸ್ಪಂಜು ಅಂಟಿಸಿದ ಪುಟ್ಟ ಕೋಣೆ. ಒಳಗೆ ಹೆಡ್‌ಫೋನ್ ಹಾಕಿಕೊಂಡ ರೋಗಿ, ಗಾಜಿನಾಚೆ ಅವಳು. ಬಲಗಿವಿಗೆ ಕೆಂಪು, ಎಡಗಿವಿಗೆ ನೀಲಿ. ಸದ್ದು ಕೇಳಿಸಿದರೆ ರೋಗಿ ಗುಂಡಿ ಒತ್ತಬೇಕು. ಒತ್ತಿದರೆ ಅವಳು ಹತ್ತು ಡೆಸಿಬಲ್ ಇಳಿಸುತ್ತಾಳೆ, ಒತ್ತದಿದ್ದರೆ ಐದು ಏರಿಸುತ್ತಾಳೆ. ಇಳಿಸಿ ಏರಿಸಿ, ಇಳಿಸಿ ಏರಿಸಿ, ಆ ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದು ಯಾವುದೆಂದು ಹುಡುಕಿ ಕಾಗದದ ಮೇಲೆ ಗುರುತು ಹಾಕುತ್ತಾಳೆ. ಆಸ್ಪತ್ರೆಯ ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರಿಗೂ ಅವಳು ಕಿವಿ ಮೇಡಂ. "ಸುಮಾರಾಗಿ" ಎಂಬ ಮಾತು ಅವಳಿಗೆ ಮೈಗೆ ಹಿಡಿಸದು. ಗಂಡ ಲಿಫ್ಟ್ ಮೆಕ್ಯಾನಿಕ್. ಅವನು "ಸುಮಾರು ಏಳಕ್ಕೆ ಬರ್ತೀನಿ" ಎಂದು ಫೋನಿನಲ್ಲಿ ಹೇಳಿದರೆ "ಏಳಕ್ಕೆ ಮುಂಚೆಯೋ ಆಮೇಲೋ?" ಎಂದು ಕೇಳದೆ ಇಡುವವಳಲ್ಲ.

ಅಂಥವಳಿಗೆ ಹುಟ್ಟಿದ ಮಗಳು, ಗಿಣಿ. ಆರೂವರೆ ವರ್ಷ. ಅಜ್ಜಿಯೊಂದಿಗೆ ಮನೆಮಾತಿನಲ್ಲಿ ಅರಳು ಹುರಿದಂತೆ ಮಾತಾಡುತ್ತದೆ; ಕೆಳಗಿನ ಮನೆಯ ಮಕ್ಕಳೊಂದಿಗೆ ಬೀದಿಯ ಭಾಷೆಯಲ್ಲಿ ಜಗಳಕ್ಕೆ ನಿಂತರೆ ಮೂರು ಮನೆಯವರು ಕಿಟಕಿ ತೆಗೆಯುತ್ತಾರೆ. ಶಾಲೆಯ ಭಾಷೆ ಮೂರನೆಯದು. ಅದು ಅರ್ಥವಾಗುತ್ತದೆ, ಆದರೆ ಶಾಲೆಯ ಗೇಟು ದಾಟಿದೊಡನೆ ಗಿಣಿಯ ಬಾಯಿಗೆ ಬೀಗ. ಎಂಟು ತಿಂಗಳಿಂದ ಆ ಕಟ್ಟಡದೊಳಗೆ ಮಗು ಯಾವ ಭಾಷೆಯಲ್ಲೂ ಒಂದು ಮಾತೂ ಆಡಿರಲಿಲ್ಲ. ಮೂತ್ರಕ್ಕೆ ಹೋಗಬೇಕೆಂದು ಕೇಳಲಾರದೆ ಎರಡು ಸಲ ಬಟ್ಟೆ ಒದ್ದೆ ಮಾಡಿಕೊಂಡು ಬಂದಿತ್ತು. ಹೋದ ತಿಂಗಳು ಟೀಚರು ಡೈರಿಯಲ್ಲಿ ಬರೆದು ಕಳಿಸಿದರು: "ಮಗುವಿನ ಕಿವಿ ಪರೀಕ್ಷೆ ಮಾಡಿಸಿ. ಮಾತಾಡದಿದ್ದರೆ ಮುಂದಿನ ವರ್ಷವೂ ಇದೇ ತರಗತಿ."

"ನನಗೇ ಹೇಳ್ತಾರಲ್ಲ! ನನಗೆ!" ಎಂದು ಕಿವಿ ಮೇಡಂ ಆ ಡೈರಿಯನ್ನು ಮೇಜಿನ ಮೇಲೆ ಕುಕ್ಕಿದ್ದಳು. ಆದರೂ ಮಗಳನ್ನು ಸ್ಪಂಜಿನ ಕೋಣೆಯಲ್ಲಿ ಕೂರಿಸಿ ಒಂದಲ್ಲ, ಮೂರು ಸಲ ಪರೀಕ್ಷೆ ಮಾಡಿದಳು. ಎರಡೂ ಕಿವಿ ಹತ್ತು ಡೆಸಿಬಲ್. ಅಷ್ಟು ಸಣ್ಣ ಸದ್ದು ಕೇಳಿಸುವ ಕಿವಿ ಅವಳದೂ ಅಲ್ಲ.

ಹಾಗೆ ಶುರುವಾಗಿತ್ತು ಶಾಲೆ ಹುಡುಕುವ ಕೆಲಸ. ಮಕ್ಕಳ ಮನೆಮಾತನ್ನೂ ಒಳಗೆ ಬಿಟ್ಟುಕೊಳ್ಳುವ, ಹಲವು ಭಾಷೆಯಲ್ಲಿ ಕಲಿಸುವ ಅಂತರರಾಷ್ಟ್ರೀಯ ಶಾಲೆ ಬೇಕು. ಹಾಗೆಂದು ಹೇಳಿಕೊಳ್ಳುವ ಶಾಲೆಗಳು ಊರಿನಲ್ಲಿ ಮೂರಿದ್ದವು. ಮೂರಕ್ಕೂ ಅರ್ಜಿ ಕೊಡಲು ಈ ಶುಕ್ರವಾರ ಸಂಜೆ ನಾಲ್ಕು ಗಂಟೆಯೇ ಕೊನೆ. ಅವಳು ಗೆರೆ ಎಳೆದು ಪಟ್ಟಿ ಮಾಡಿದಳು: ಭಾಷೆಗೆ ವಾರಕ್ಕೆ ಎಷ್ಟು ನಿಮಿಷ, ತರಗತಿಗೆ ಎಷ್ಟು ಮಕ್ಕಳು, ಸಲಕರಣೆ ಹೇಗಿದೆ, ಸದ್ದು ಎಷ್ಟು.

"ನನ್ನನ್ನ ಒಪ್ಕೊಳ್ಳುವಾಗಲೂ ಹೀಗೇ ಪಟ್ಟಿ ಮಾಡಿದ್ದೆಯೇನೇ?" ಗಂಡ ಕೇಳಿದ.

"ಮಾಡಿದ್ದೆ. ನೀವು ಎರಡನೇ ಸ್ಥಾನದಲ್ಲಿ ಇದ್ರಿ."

"ಮೊದಲನೆಯವನು ಏನಾದ?"

"ಅವರಿಗೆ ಆಗಲೇ ಮದುವೆ ಆಗಿತ್ತು. ಸುಮ್ನೆ ಇರ್ರೀ, ಗೆರೆ ಸೊಟ್ಟ ಹೋಗುತ್ತೆ."

ಸೋಮವಾರ ನೋಡಿದ ಶಾಲೆಯ ಅಂಗಳದಲ್ಲಿ ಮೂವತ್ತೆಂಟು ದೇಶಗಳ ಬಾವುಟಗಳು ಹಾರುತ್ತಿದ್ದವು. ಇಸ್ತ್ರಿ ಮಾಡಿದ ನಗುವಿನ ಒಬ್ಬ ಯುವಕ ಅವಳಿಗೆ ಹೊಳೆಯುವ ಪುಸ್ತಿಕೆ ಕೊಟ್ಟ. "ನಮ್ಮಲ್ಲಿ ಆರು ಭಾಷೆ ಇದೆ ಮೇಡಂ."

"ವಾರಕ್ಕೆ ಒಂದೊಂದಕ್ಕೂ ಎಷ್ಟು ನಿಮಿಷ?"

"ನಿಮಿಷದ ಲೆಕ್ಕ ಅಲ್ಲ ಮೇಡಂ ಅದು. ಅದೊಂದು ವಾತಾವರಣ."

"ಆ ವಾತಾವರಣ ಬೆಳಗ್ಗೆ ಎಷ್ಟೊತ್ತಿಗೆ ಶುರುವಾಗುತ್ತೆ?"

ಯುವಕ ಪುಸ್ತಿಕೆಯ ಇನ್ನೊಂದು ಪುಟ ತೆರೆದು ಈಜುಕೊಳ ತೋರಿಸಿದ. ಕಿವಿ ಪರೀಕ್ಷೆ ಮಾಡುವವಳ ಕಿವಿಗೇ ಹೂ ಇಡಲು ಹೊರಟವನನ್ನು ಅವಳು ಎರಡು ಕ್ಷಣ ದಿಟ್ಟಿಸಿ ನೋಡಿದಳು. ಪಟ್ಟಿಯಲ್ಲಿ ಆ ಶಾಲೆಯ ಮುಂದೆ "ವಾತಾವರಣ, ಸೊನ್ನೆ ನಿಮಿಷ" ಎಂದು ಬಿತ್ತು.

ಮಂಗಳವಾರದ ಶಾಲೆ ಅವಳಿಗೆ ಒಳಗೆ ಕಾಲಿಟ್ಟೊಡನೆ ಹಿಡಿಸಿತು. ನೆಲಕ್ಕೆ ದಪ್ಪ ಜಮಖಾನೆ, ಎರಡು ಪದರದ ಗಾಜಿನ ಕಿಟಕಿ. ನಾಲ್ಕು ಭಾಷೆಗೆ ನಾಲ್ವರು ಟೀಚರು, ಒಬ್ಬೊಬ್ಬರ ಕತ್ತಿಗೂ ಒಂದೊಂದು ಬಣ್ಣದ ಪಟ್ಟಿ. ಯಾರು ಬಂದರೆ ಯಾವ ಭಾಷೆ ಎಂದು ಮಕ್ಕಳಿಗೆ ತಿಳಿಯಲಿ ಎಂದು. ನಿಮಿಷಗಳ ಲೆಕ್ಕ ಅಚ್ಚುಕಟ್ಟಾಗಿ ಗೋಡೆಯ ಮೇಲಿತ್ತು. ಇಪ್ಪತ್ತೆರಡು ಮಕ್ಕಳು ಕುಳಿತಿದ್ದರೂ ಟೀಚರು ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ ಮೀಟರು ತೋರಿಸಿದ್ದು ನಲವತ್ತೊಂದು. ಟೀಚರ ದನಿ ಅರವತ್ತೆರಡು. ಮಾತು ಸ್ಪಷ್ಟವಾಗಿ ಕೇಳಿಸಬೇಕಾದರೆ ದನಿ ಸುತ್ತಲಿನ ಸದ್ದಿಗಿಂತ ಹದಿನೈದು ಮೇಲಿರಬೇಕು. ಇಲ್ಲಿ ಇಪ್ಪತ್ತೊಂದು ಇತ್ತು. ಬಹಳ ದಿನಗಳ ಮೇಲೆ ಅವಳಿಗೆ ಹೊಟ್ಟೆ ತಣ್ಣಗಾಯಿತು.

ಈ ಬುಧವಾರದ ಶಾಲೆಗೆ ಬಂದದ್ದು ಪಟ್ಟಿ ಪೂರ್ತಿಯಾಗಲಿ ಎಂದಷ್ಟೇ. ಹಳೆಯ ಮುದ್ರಣಾಲಯವನ್ನು ಶಾಲೆ ಮಾಡಿದ್ದರು. ನೆಲ ಸಿಮೆಂಟು, ಚಾವಣಿ ತಗಡು, ಕುರ್ಚಿ ಎಳೆದರೆ ಹಲ್ಲು ಜುಮ್ಮೆನ್ನುತ್ತಿತ್ತು. ಒಂದೊಂದು ಮೇಜಿಗೆ ನಾಲ್ಕು ಮಕ್ಕಳು. ನಾಲ್ಕು ಮಕ್ಕಳಿಗೆ ಒಂದೇ ಕತ್ತರಿ, ಒಂದೇ ಅಂಟಿನ ಡಬ್ಬಿ. ಆ ಕತ್ತರಿಗಾಗಿ ಯಾವ ಯಾವುದೋ ಭಾಷೆಯಲ್ಲಿ ಕೂಗಾಟ, ಎಳೆದಾಟ. ಒಂದು ಮಗು ಮೇಜಿನ ಮೇಲೇ ಹತ್ತಿ ನಿಂತಿತ್ತು. ಟೀಚರು ಯಾರೆಂದು ಹುಡುಕಬೇಕಾಯಿತು. ಅವಳು ಪಟ್ಟಿಯಲ್ಲಿ ಬರೆದಳು: "ಸಲಕರಣೆ ಕೊರತೆ. ನಾಲ್ಕು ಮಕ್ಕಳಿಗೆ ಒಂದು ಕತ್ತರಿ." ಯಾಕೆ ಹೀಗೆ ಎಂದು ಯಾರನ್ನೂ ಕೇಳಲಿಲ್ಲ. ಕಣ್ಣಿಗೆ ಕಂಡದ್ದನ್ನು ಕೇಳುವುದೇನು?

ಹೊರಗೆ ಬರುವಾಗ ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಹೆಡ್ ಮೇಡಂ ಎದುರಾದರು. "ಹೇಗನ್ನಿಸ್ತು ನಮ್ಮ ಶಾಲೆ?"

"ಎಪ್ಪತ್ತನಾಲ್ಕು ಇದೆ ನಿಮ್ಮ ಒಂದನೇ ತರಗತಿ! ಗೊತ್ತಾ ನಿಮಗೆ? ಎಪ್ಪತ್ತನಾಲ್ಕು!"

"ಇಲ್ಲಮ್ಮ, ಇಪ್ಪತ್ನಾಲ್ಕೇ ಮಕ್ಕಳಿರೋದು."

"ಮಕ್ಕಳಲ್ಲ, ಸದ್ದು! ಇಷ್ಟು ಗಲಾಟೆ ಮೇಲೆ ಟೀಚರ ಮಾತು ಕೇಳಿಸಬೇಕು ಅಂದ್ರೆ ಅವರು ಎಂಬತ್ತೊಂಬತ್ತಕ್ಕೆ ಕಿರುಚಬೇಕು. ಒಂದು ವಾರದಲ್ಲಿ ಗಂಟಲು ಕೈಕೊಡುತ್ತೆ."

"ಅದಕ್ಕೇ ನಮ್ಮ ಟೀಚರು ಜಾಸ್ತಿ ಮಾತಾಡಲ್ಲ," ಎಂದು ಹೆಡ್ ಮೇಡಂ ನಕ್ಕು, ಅರ್ಜಿಯ ಹಾಳೆ ಕೈಗಿಟ್ಟು ಹೋದರು. ಇಂಥವರ ಜೊತೆ ಏನು ಮಾತು ಎಂದು ಕಿವಿ ಮೇಡಂ ಬಸ್ಸಿನುದ್ದಕ್ಕೂ ಕುದಿದಳು.

ಅಂದು ರಾತ್ರಿಯ ಊಟಕ್ಕೆ ಮುಂಚೆಯೇ ಸದ್ದಿಲ್ಲದ ಶಾಲೆಯ ಅರ್ಜಿ ತುಂಬಿಯಾಗಿತ್ತು, ಕೊನೆಯ ಪ್ರಶ್ನೆಯೊಂದು ಬಿಟ್ಟು: "ನಮ್ಮ ಶಾಲೆಯನ್ನೇ ಆರಿಸಿಕೊಳ್ಳಲು ಕಾರಣವೇನು? ಇನ್ನೂರು ಪದಗಳಲ್ಲಿ ಬರೆಯಿರಿ." ಮೂರೂ ಶಾಲೆಯ ಅರ್ಜಿಯಲ್ಲಿ ಅದೇ ಪ್ರಶ್ನೆ. "ಆರಿಸ್ಕೊಳ್ಳೋದು ಅವರು, ಕಾರಣ ಕೊಡೋದು ನಾವು," ಎಂದು ಸಿಡುಕುತ್ತಾ ಎಣಿಸಿ ಎಣಿಸಿ ಬರೆದಳು. ನೂರ ತೊಂಬತ್ತೆಂಟು ಪದಗಳಾದವು.

ಅತ್ತೆ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. "ಮಗೂನ ಕರ್ಕೊಂಡು ಹೋಗಿ ತೋರಿಸಿದೆಯೇನಮ್ಮಾ?"

"ಶುಕ್ರವಾರ ಅರ್ಧ ದಿನ ಕೂರಿಸ್ಕೊಂಡು ನೋಡ್ತಾರೆ ಅತ್ತೆ."

"ಅವರು ನೋಡೋದಲ್ಲ ಕಣೇ. ಅವಳು ನೋಡಬೇಡ್ವಾ?"

ಶುಕ್ರವಾರ ಒಂಬತ್ತು ಗಂಟೆಗೆ ಗಿಣಿ ಜಮಖಾನೆಯ ಮೇಲೆ ನಡೆದು ತನಗೆ ತೋರಿಸಿದ ಜಾಗದಲ್ಲಿ ಕುಳಿತಿತು. ತಂದೆ ತಾಯಿಯರಿಗೆ ಗಾಜಿನಾಚೆ ಬೆಂಚು, ಒಳಗಿನ ಮಾತು ಕೇಳಲು ಒಂದು ಸ್ಪೀಕರು. ಹಸಿರು ಪಟ್ಟಿಯ ಟೀಚರು ಬಂದರು, ಮಕ್ಕಳೆಲ್ಲ ಒಟ್ಟಿಗೆ ಹಸಿರು ಭಾಷೆಯಲ್ಲಿ ಒಂದು ಪದ ಹೇಳಿದರು. ಹಳದಿ ಪಟ್ಟಿ ಬಂತು, ಹಳದಿ ಪದ ಹೇಳಿದರು. ಪ್ರತಿ ಮಗುವಿನ ಮುಂದೆಯೂ ಒಂದು ಕತ್ತರಿ, ಒಂದು ಅಂಟು, ಒಂದು ಬಣ್ಣದ ಪೆಟ್ಟಿಗೆ. ಯಾರೂ ಯಾರಿಂದಲೂ ಏನನ್ನೂ ಕೇಳಬೇಕಾಗಿರಲಿಲ್ಲ.

ಅಭ್ಯಾಸಬಲದಿಂದ ಅವಳು ಎಣಿಸತೊಡಗಿದಳು. ಮೂರು ಗಂಟೆಯಲ್ಲಿ ಇಪ್ಪತ್ತೆರಡು ಮಕ್ಕಳು ತಾವಾಗಿ ಆಡಿದ ಮಾತು ಮೂರು. ಮೂರೂ "ಟೀಚರ್, ನೀರು ಕುಡಿದು ಬರಲಾ?" ಎಂಬುದೇ. ಗಿಣಿ ಅದನ್ನೂ ಕೇಳಲಿಲ್ಲ. ಗಾಜಿನ ಒಳಗೆ ಮಗಳು, ಹೊರಗೆ ತಾನು. ಹದಿನಾಲ್ಕು ವರ್ಷದಿಂದ ಕುಳಿತ ಜಾಗವೇ ಇದು, ಅಲ್ಲಿ ಸದ್ದಿಲ್ಲದ ಕೋಣೆ ಎಷ್ಟು ಒಳ್ಳೆಯದೋ ಇಲ್ಲಿಯೂ ಅಷ್ಟೇ ಒಳ್ಳೆಯದೆಂದು ತಾನು ಎಣಿಸಿದೆನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಬಾಯಿ ಬಿಡದ ಮಕ್ಕಳ ಕೋಣೆಯಲ್ಲಿ ನಲವತ್ತೊಂದಲ್ಲದೆ ಇನ್ನೇನು ಬಂದೀತು!

ಹನ್ನೆರಡು ಗಂಟೆಗೆ ಹಸಿರು ಪಟ್ಟಿ ಗಿಣಿಯ ಕೈಹಿಡಿದು ಕರೆತಂದರು. "ತುಂಬಾ ಚೆನ್ನಾಗಿ ಹೊಂದ್ಕೊಂಡಳು ಮೇಡಂ. ಒಂದು ಚೂರೂ ತೊಂದರೆ ಕೊಡಲಿಲ್ಲ."

ಕಿವಿ ಮೇಡಂ ನೂರ ತೊಂಬತ್ತೆಂಟು ಪದಗಳ ಹಾಳೆಯನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ತುರುಕಿದಳು.

ಮೂರು ಗಂಟೆ ಹತ್ತು ನಿಮಿಷಕ್ಕೆ ತಗಡಿನ ಚಾವಣಿಯ ಶಾಲೆಯ ಕಚೇರಿಯಲ್ಲಿ ಅವಳು ಗುಮಾಸ್ತನ ಮುಂದೆ ನಿಂತಿದ್ದಳು. ಎರಡು ಬಸ್ಸು ತಪ್ಪಿದ್ದವು, ಗಂಡ ಫೋನ್ ಎತ್ತಿರಲಿಲ್ಲ. ಗುಮಾಸ್ತ ಗಿಣಿಯ ಫೋಟೋ ಎತ್ತಿ ಬೆಳಕಿಗೆ ಹಿಡಿದ.

"ಇದು ಆಗಲ್ಲ. ಮಗು ನಗ್ತಾ ಇದೆ. ಫೋಟೋದಲ್ಲಿ ನಗಬಾರದು."

"ಮಾತಾಡಲ್ಲ ಅಂತ ಒಂದು ಶಾಲೆ, ನಗ್ತಾಳೆ ಅಂತ ಇನ್ನೊಂದಾ? ಇನ್ನು ಐವತ್ತು ನಿಮಿಷದಲ್ಲಿ ಅಳೋ ಫೋಟೋ ಎಲ್ಲಿಂದ ತರಲಿ? ನಂದು ಬೇಕಾದ್ರೆ ತೆಗೆದುಕೊಳ್ಳಿ, ಈಗಲೇ ಸಿಗುತ್ತೆ!"

"ನನ್ನ ಮೇಲೆ ಯಾಕಮ್ಮ ರೇಗ್ತೀರಾ? ನಿಯಮ ನಾನು ಮಾಡಿದ್ದಾ?"

ಅವಳು ಇನ್ನೊಂದು ಮಾತು ಎತ್ತುವಷ್ಟರಲ್ಲಿ ಪಕ್ಕಕ್ಕೆ ನೋಡಿದರೆ ಬೆಂಚು ಖಾಲಿ. ಗಿಣಿ ಇಲ್ಲ. ಕಾರಿಡಾರಿಗೆ ಓಡಿ ಬಂದಳು. ಆಗ ಒಂದನೇ ತರಗತಿಯ ತೆರೆದ ಬಾಗಿಲಿನಿಂದ, ಆ ಗದ್ದಲವನ್ನೆಲ್ಲ ಸೀಳಿಕೊಂಡು, ಮನೆಮಾತಿನಲ್ಲಿ, ಅತ್ತೆಯ ರಾಗದಲ್ಲೇ ಒಂದು ದನಿ ಬಂತು:

"ಕಣ್ಣೇನು ಜೇಬಲ್ಲಿ ಇಟ್ಕೊಂಡಿದ್ದೀಯಾ? ನನ್ನ ಸರದಿ ಇದು!"

ಮೇಜಿನಾಚೆಯ ಹುಡುಗಿ ಕತ್ತರಿಯನ್ನು ಎದೆಗವಚಿಕೊಂಡು, ತನ್ನದೇ ಭಾಷೆಯಲ್ಲಿ ಏನೋ ಗಡಗಡನೆ ಅಂದಳು. ಗಿಣಿ ಬೀದಿಯ ಭಾಷೆಗೆ ಬದಲಾಯಿಸಿತು. ಅದೂ ತಾಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ಯೋಚಿಸಿತು. ಆಮೇಲೆ, ಎಂಟು ತಿಂಗಳು ಬೀಗ ಹಾಕಿಕೊಂಡಿದ್ದ ಮೂರನೇ ಭಾಷೆಯಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿತು: "ನೀನು ಎರಡು ಸಲ. ನಾನು ಸೊನ್ನೆ. ಕೊಡು."

ಹುಡುಗಿ ಕೊಟ್ಟಳು.

ಕಿವಿ ಮೇಡಂ ಬಾಗಿಲು ದಾಟಿ ಬಂದಳು. ಒಳಗೆ ಹೆಡ್ ಮೇಡಂ ಬೀರು ತೆಗೆದು ಬಣ್ಣದ ಕಾಗದ ಹುಡುಕುತ್ತಿದ್ದರು. ಬೀರುವಿನ ಬಾಗಿಲಿನ ಹಿಂದೆ, ಮೊಳೆಗೊಂದರಂತೆ, ಸಾಲಾಗಿ ಕತ್ತರಿಗಳು ತೂಗುತ್ತಿದ್ದವು. ಮೂವತ್ತಕ್ಕೆ ಕಡಿಮೆ ಇರಲಿಲ್ಲ.

"ಇಷ್ಟೊಂದು ಇದೆಯಲ್ಲ!"

"ಇದೆಯಮ್ಮ. ಬೀಗ ಹಾಕಿಡ್ತೀನಿ," ಎಂದರು ಹೆಡ್ ಮೇಡಂ. "ಒಂದು ಮೇಜಲ್ಲಿ ಒಂದೇ ಮನೆಮಾತಿನ ಇಬ್ಬರನ್ನ ಕೂರಿಸಲ್ಲ. ಒಬ್ಬೊಬ್ಬರಿಗೂ ಒಂದೊಂದು ಕತ್ತರಿ ಕೊಟ್ಟು ನೋಡಿ, ತೆಪ್ಪಗೆ ಕತ್ತರಿಸ್ಕೊಂಡು ಕೂತ್ಕೋತಾರೆ. ನಿಮ್ಮ ಮಗಳನ್ನ ನಾನು ಕರೀಲಿಲ್ಲ. ಬಂದು ಬಾಗಿಲಲ್ಲಿ ನಿಂತಳು, ಕುರ್ಚಿ ಖಾಲಿ ಇತ್ತು."

"ಬುಧವಾರ ಹೇಳಬಾರದಿತ್ತೇ ಇದನ್ನ?"

"ನೀವು ಕೇಳಲೇ ಇಲ್ಲವಲ್ಲ!"

ಅವಳಿಗೆ ಸಿಟ್ಟು ಇಳಿದಿರಲಿಲ್ಲ. ಯಾರ ಮೇಲೆ ಎಂದು ಮಾತ್ರ ಈಗ ಗೊತ್ತಾಗುತ್ತಿರಲಿಲ್ಲ. "ಕುರ್ಚಿ ಕಾಲಿಗೆಲ್ಲ ದಪ್ಪ ಬಟ್ಟೆ ಅಂಟಿಸಬೇಕು," ಎಂದು ಬಿರುಸಾಗಿಯೇ ಹೇಳಿದಳು. "ಹಿಂದಿನ ಮೇಜಿನ ಮಕ್ಕಳಿಗೆ ಏನೂ ಕೇಳಿಸಲ್ಲ. ಭಾನುವಾರ ನಾನೇ ಬಂದು ಅಂಟಿಸ್ತೀನಿ. ಇಪ್ಪತ್ನಾಲ್ಕು ಕುರ್ಚಿ, ತೊಂಬತ್ತಾರು ಕಾಲು."

"ಇಪ್ಪತ್ತೈದು ಕುರ್ಚಿ," ಎಂದು ಹೆಡ್ ಮೇಡಂ ತಿದ್ದಿದರು. ಆಮೇಲೆ ಕಚೇರಿಯ ಕಡೆ ತಿರುಗಿ ಕೂಗಿದರು: "ನಗೋ ಫೋಟೋನೇ ಇರಲಿ, ತಗೊಳ್ಳಪ್ಪಾ!"

ಮೂರು ಗಂಟೆ ನಲವತ್ತೊಂಬತ್ತಕ್ಕೆ ಅರ್ಜಿಯಲ್ಲಿ ಉಳಿದದ್ದು ಆ ಒಂದು ಪ್ರಶ್ನೆ. ಆರಿಸಿಕೊಳ್ಳಲು ಕಾರಣವೇನು? ಇನ್ನೂರು ಪದಗಳಿಗೆಂದು ಹದಿನಾರು ಗೆರೆ ಬಿಟ್ಟಿದ್ದರು. ಒಳಗಿನಿಂದ ಗಿಣಿಯ ದನಿ ಮತ್ತೆ ಕೇಳಿಸಿತು. ಈ ಸಲ ಅಂಟಿನ ಡಬ್ಬಿಗಾಗಿ. ಗುಮಾಸ್ತ ಗಡಿಯಾರ ನೋಡಿದ. ಅವಳು ಗುಮಾಸ್ತನ ಪೆನ್ನು ಕಿತ್ತುಕೊಂಡು, ಮೊದಲ ಗೆರೆಯ ಮೇಲೆ, ಬುಧವಾರ ಇದೇ ಶಾಲೆಯಲ್ಲಿ ಹೆಡ್ ಮೇಡಂ ಮುಖಕ್ಕೆ ಎಸೆದಿದ್ದ ಸದ್ದಿನ ಅಂಕಿಯನ್ನು ಅಕ್ಷರದಲ್ಲಿ ಬರೆದಳು: ಎಪ್ಪತ್ತನಾಲ್ಕು.