ಓರಗಿತ್ತಿಯರ ಮೂವತ್ತೊಂದು ಸುತ್ತು

ಆ ಮನೆಯಲ್ಲಿ ಸೊಸೆಯರು ಇಬ್ಬರು, ದೊಡ್ಡವಳು ಮತ್ತು ಚಿಕ್ಕವಳು. ಅತ್ತೆ ಹಾಗೆ ಕರೆದು ಕರೆದು, ಅಕ್ಕಪಕ್ಕದ ಮನೆಯವರಿಗೂ ಹಾಲು ಹಾಕುವವನಿಗೂ ಅವೇ ಹೆಸರುಗಳಾಗಿ ಹೋಗಿದ್ದವು. ದೊಡ್ಡವಳಿಗೆ ನಲವತ್ತೇಳು ವರ್ಷ, ಚಿಕ್ಕವಳಿಗೆ ಮೂವತ್ತೊಂಬತ್ತು. ಈ ಕಥೆ ಚಿಕ್ಕವಳದ್ದು. ಅವಳು ಒಳ್ಳೆಯವಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಭಾನುವಾರ ಬೆಳಿಗ್ಗೆ ಮನೆಯಿಂದ ಹೊರಡುವಾಗ ಆ ಒಳ್ಳೆಯತನವನ್ನು ಚಪ್ಪಲಿ ಗೂಡಿನಲ್ಲೇ ಬಿಟ್ಟು ಹೋದಳು.

ಅವಳ ಕೆಲಸ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ. ಹಲ್ಲಿನ ಡಾಕ್ಟರುಗಳು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿಯಬೇಕು, ಅದು ಗಟ್ಟಿಯಾಗುವ ತನಕ ಕಾಯಬೇಕು, ಆಮೇಲೆ ಮೇಣದ ವಸಡು ಕಟ್ಟಿ ಒಂದೊಂದೇ ಹಲ್ಲು ಕೂರಿಸಬೇಕು. ಅವಸರ ಮಾಡಿದರೆ ಅಚ್ಚು ಬಿರುಕು ಬಿಡುತ್ತದೆ. ಹದಿನಾರು ವರ್ಷ ಕಾಯುವುದನ್ನೇ ಕಸುಬು ಮಾಡಿಕೊಂಡವಳಿಗೆ ಅವಸರ ಎಂದರೆ ಏನೆಂದೇ ಮರೆತುಹೋಗಿತ್ತು.

ದೊಡ್ಡವಳು ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಫೋನಿನ ಮುಂದೆ ಕೂರುವವಳು. ನಲ್ಲಿಯಲ್ಲಿ ನೀರು ಬರದಿದ್ದರೂ ಅವಳಿಗೇ ಬೈಗುಳ, ಕೆಂಪು ನೀರು ಬಂದರೂ ಅವಳಿಗೇ ಬೈಗುಳ. ಬೆಳಗಿನಿಂದ ಸಂಜೆಯವರೆಗೆ "ಆಯ್ತು ಸರ್, ಬರ್ಕೊಂಡೆ ಸರ್" ಎನ್ನುತ್ತಾ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು.

ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎನ್ನುವ ಗಾದೆ ಇವರ ವಿಷಯದಲ್ಲಿ ಹತ್ತು ವರ್ಷ ನಿಜವೇ ಆಗಿತ್ತು. ಜಗಳವೇನೂ ಇಲ್ಲ, ಆದರೆ ಮಾತು ಅಷ್ಟಕ್ಕಷ್ಟೇ. ಮೂರು ವರ್ಷದ ಹಿಂದೆ ದೊಡ್ಡವಳು ಕಚೇರಿಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು ಆರು ವಾರ ಮಂಚ ಹಿಡಿದಳು. ಗೋಡೆ ನೋಡುತ್ತಾ ಮಲಗಿದ್ದ ಅವಳನ್ನು ಕಂಡು ಚಿಕ್ಕವಳಿಗೆ ಅಯ್ಯೋ ಅನ್ನಿಸಿತು. ತನ್ನ ಫೋನಿನಲ್ಲಿ ತಾನು ಗುಟ್ಟಾಗಿ ಆಡುತ್ತಿದ್ದ ಆಟವನ್ನು ಅವಳಿಗೂ ಕಲಿಸಿದಳು. ವಿಚಿತ್ರ ಜೀವಿಗಳನ್ನು ಸಾಕಿ, ಬೇರೆಯವರ ಜೀವಿಗಳ ಜೊತೆ ಕಾದಾಡಿಸುವ ಆಟ. ಒಂದು ಸುತ್ತಿನಲ್ಲಿ ಒಂದೇ ಕೆಲಸ: ಹೊಡಿ, ಇಲ್ಲವೇ ಚೇತರಿಸಿಕೋ, ಇಲ್ಲವೇ ಕಣದಲ್ಲಿರುವುದನ್ನು ಒಳಗೆ ಕರೆದು ಇನ್ನೊಂದನ್ನು ಬಿಡು. ಒಬ್ಬೊಬ್ಬರಿಗೆ ಮೂರು ಜೀವಿ. ಮೂರೂ ಬಿದ್ದರೆ ಸೋಲು.

ಕಲಿಸಿದ ದಿನವೇ ಚಿಕ್ಕವಳು ಒಂದು ಪುಟ್ಟ ಜೀವಿಯನ್ನು ತನ್ನ ಫೋನಿನಿಂದ ಅವಳ ಫೋನಿಗೆ ಕಳಿಸಿಕೊಟ್ಟಳು. ಹೆಬ್ಬೆರಳಿನಷ್ಟು ಮೈ, ಎರಡು ಕಿವಿ, ಬಾಲದ ತುದಿಯಲ್ಲಿ ದೀಪ. ಹಾರುತ್ತದೆ, ಸಿಡಿಲು ಹೊಡೆಯುತ್ತದೆ, ಒಂದು ಗಟ್ಟಿ ಏಟು ಬಿದ್ದರೆ ಮಾತ್ರ ಉರುಳಿಬಿಡುತ್ತದೆ. ದೊಡ್ಡವಳು ಅದಕ್ಕೆ ಮಿಣುಕ ಎಂದು ಹೆಸರಿಟ್ಟಳು. ಒಮ್ಮೆ ಯಾವುದೋ ಆಟದಲ್ಲಿ ಅದು ಕೀಂಯ್ ಎಂದು ಬಿದ್ದಾಗ ಫೋನು ಬೋರಲಾಗಿಟ್ಟು ಗೋಡೆಯ ಕಡೆ ತಿರುಗಿಬಿಟ್ಟಳು.

"ಅದು ಸಾಯಲ್ಲ ಅಕ್ಕ, ಸುಸ್ತಾಗುತ್ತೆ ಅಷ್ಟೆ. ಆಟ ಮುಗಿದ ಮೇಲೆ ಮತ್ತೆ ಎದ್ದು ಕೂರುತ್ತೆ," ಎಂದಳು ಚಿಕ್ಕವಳು.

"ಇರಬಹುದು ಕಣೆ. ಆದರೆ ನೀನು ಕೊಟ್ಟಿದ್ದು ಅದು. ಬೀಳೋದು ನೋಡೋಕೆ ನನ್ನ ಕೈಲಾಗಲ್ಲ."

ಅಂದಿನಿಂದ ದೊಡ್ಡವಳು ಮಿಣುಕನನ್ನು ಬೀಳಲು ಬಿಡಲೇ ಇಲ್ಲ. ಅಪಾಯ ಕಂಡ ಕೂಡಲೇ ಒಳಗೆ ಕರೆದುಕೊಳ್ಳುವಳು. ಈ ಗುಟ್ಟು ಗೊತ್ತಿದ್ದದ್ದು ಚಿಕ್ಕವಳೊಬ್ಬಳಿಗೇ.

ಕಾಲು ವಾಸಿಯಾದ ಮೇಲೂ ಆಟ ನಿಲ್ಲಲಿಲ್ಲ. ಔಷಧಿ ಅಂಗಡಿಯ ಮಹಡಿಯಲ್ಲಿ ಭಾನುವಾರಗಳಂದು ಊರಿನ ಆಟಗಾರರೆಲ್ಲ ಸೇರುತ್ತಿದ್ದರು. ಕಾಲೇಜು ಹುಡುಗ ಹುಡುಗಿಯರ ನಡುವೆ ಈ ಇಬ್ಬರು ಹೆಂಗಸರು ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂರುವರು. "ನಿಮ್ಮ ಭೂತಗಳಿಗೆ ಊಟ ಆಯ್ತೇನ್ರೇ?" ಎಂದು ಅತ್ತೆ ಪ್ರತಿ ವಾರ ಕೇಳುವರು.

ವಿಚಿತ್ರ ನೋಡಿ, ದಿನವಿಡೀ ಬೈಸಿಕೊಳ್ಳುವ ದೊಡ್ಡವಳು ಆಟದಲ್ಲಿ ಹೊಡೆಯುವವಳು. "ಅಲ್ಲಂತೂ ಕೇಳಿಸ್ಕೋಬೇಕು, ಇಲ್ಲಾದ್ರೂ ಬಾರಿಸ್ತೀನಿ" ಎನ್ನುವಳು. ಯಾರ ಮೇಲೂ ದನಿ ಎತ್ತದ ಚಿಕ್ಕವಳು ಮಾತ್ರ ಎದುರಾಳಿಯ ಜೀವ ಹಿಂಡುವವಳು. ಅವಳ ನೆಚ್ಚಿನ ಜೀವಿ ಪಾಚಿಕಲ್ಲು. ಹಸಿರು ಕಟ್ಟಿದ ಬಂಡೆಗೆ ನಾಲ್ಕು ಗಿಡ್ಡ ಕಾಲು ಬಂದರೆ ಹೇಗಿರುತ್ತದೋ ಹಾಗಿತ್ತು. ಅದರ ಏಟಿಗೆ ನೊಣವೂ ಸಾಯದು. ಆದರೆ ಏಟು ತಿನ್ನುವುದರಲ್ಲಿ ಅದನ್ನು ಮೀರಿಸುವವರಿರಲಿಲ್ಲ.

ತಡೆಯುವ ಜೀವಿ ಎಂದರೆ ಸುಮ್ಮನೆ ನಿಲ್ಲುವ ಜೀವಿ ಎಂದು ಹೊಸಬರು ತಿಳಿಯುತ್ತಾರೆ. ಅಲ್ಲ. ಅದನ್ನು ಎಲ್ಲರ ಎದುರಿಗೂ ಬಿಡಬಾರದು. ಯಾರ ಏಟನ್ನು ತಾಳುತ್ತದೋ ಅವರ ಎದುರಿಗೆ ಮಾತ್ರ ಬಿಡಬೇಕು. ಬಂದ ಕೂಡಲೇ ಎದುರಾಳಿಯ ಅಂಗಳದಲ್ಲಿ ಮುಳ್ಳು ಹರಡಬೇಕು. ಆಮೇಲೆ ಅವರು ಯಾವ ಜೀವಿಯನ್ನು ಬದಲಿಸಿ ಬಿಟ್ಟರೂ ಅದು ಮುಳ್ಳು ತುಳಿದೇ ಬರಬೇಕು. ಬಂದದ್ದಕ್ಕೆ ನಂಜು ಹತ್ತಿಸಬೇಕು. ತನ್ನ ಶಕ್ತಿ ಅರ್ಧಕ್ಕಿಂತ ಕೆಳಗೆ ಇಳಿಯುವ ಮುಂಚೆ ಚೇತರಿಸಿಕೊಳ್ಳಬೇಕು. ತಾಳಿದವನು ಬಾಳಿಯಾನು ಎನ್ನುವುದು ಪಾಚಿಕಲ್ಲನ್ನು ನೋಡಿಯೇ ಹುಟ್ಟಿದ ಗಾದೆಯೇನೋ ಅನ್ನಿಸಬೇಕು. ಚಿಕ್ಕವಳು ಇದನ್ನೆಲ್ಲ ಎಷ್ಟು ಚೆನ್ನಾಗಿ ಮಾಡುತ್ತಿದ್ದಳೆಂದರೆ, ಮಹಡಿಯವರು ಅವಳನ್ನು ಗೋಡೆ ಎಂದೇ ಕರೆಯುತ್ತಿದ್ದರು.

ಆ ವರ್ಷ ದೂರದ ದೊಡ್ಡ ಊರಿನಲ್ಲಿ ನಾಲ್ಕು ದಿನದ ಪಂದ್ಯ. ಊರಿಗೊಬ್ಬರಂತೆ ಕರೆ ಬಂದಿತ್ತು. ದೊಡ್ಡವಳು ಆ ಸುದ್ದಿ ಕೇಳಿದ ದಿನವೇ ಕಚೇರಿಯಲ್ಲಿ ರಜೆ ಬರೆದಿಟ್ಟಳು. ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷದಲ್ಲಿ ಅವಳು ಒಬ್ಬಳೇ ಎಲ್ಲಿಗೂ ಹೋದವಳಲ್ಲ, ತನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟವಳೂ ಅಲ್ಲ. "ಸೋತರೂ ಪರವಾಗಿಲ್ಲ ಕಣೆ, ಹೋಟೆಲ್ ರೂಮಿನಲ್ಲಿ ಒಬ್ಬಳೇ ಮಲಗಿ, ಬೆಳಿಗ್ಗೆ ಯಾರಿಗೂ ಏನೂ ಮಾಡದೆ ಏಳಬೇಕು," ಎಂದು ಬಟ್ಟೆ ಮಡಿಸುತ್ತಾ ಚಿಕ್ಕವಳಿಗೆ ಹೇಳಿದ್ದಳು. ಚಿಕ್ಕವಳು ನಕ್ಕಿದ್ದಳು.

ಹೋಗುವವರನ್ನು ಆರಿಸಲು ಮಹಡಿಯಲ್ಲಿ ಎಂಟು ಜನರ ಪಂದ್ಯ ನಡೆಯಿತು. ಕೊನೆಗೆ ಉಳಿದವರು ಇವರಿಬ್ಬರೇ. ಕೊನೆಯ ಆಟ ಮುಂದಿನ ಭಾನುವಾರಕ್ಕೆಂದು, ಪಂದ್ಯ ನಡೆಸುತ್ತಿದ್ದ ಔಷಧಿ ಅಂಗಡಿಯವರು ಗೊತ್ತುಮಾಡಿದರು.

ಆ ವಾರವೆಲ್ಲ ಚಿಕ್ಕವಳು ತನಗೆ ತಾನೇ ಹೇಳಿಕೊಂಡದ್ದು ಒಂದೇ ಮಾತು: ಆಟ ಅಂದ್ರೆ ಆಟ, ಅದರಲ್ಲಿ ಅಕ್ಕ ತಂಗಿ ಏನು ಬಂತು? ಗೋಡೆ ಎಂದು ಹೆಸರು ಪಡೆದವಳು ಮನೆಯವಳ ಕೈಲೇ ಒಡೆದುಹೋದರೆ ಮಹಡಿಯವರು ನಗುವುದಿಲ್ಲವೇ? ದೊಡ್ಡವಳ ಮೂರು ಜೀವಿಗಳಲ್ಲಿ ಎರಡು ಕೊಂಬಿನವು. ಅವುಗಳ ತಿವಿತ ಪಾಚಿಕಲ್ಲಿಗೆ ಲೆಕ್ಕಕ್ಕಿಲ್ಲ. ಪಾಚಿಕಲ್ಲನ್ನು ಪುಡಿ ಮಾಡಬಲ್ಲದ್ದು ಮಿಣುಕನ ಸಿಡಿಲೊಂದೇ. ಹಾಗಾಗಿ ಶನಿವಾರ ಮಧ್ಯಾಹ್ನ, ಪ್ಲಾಸ್ಟರ್ ಆರಲು ಇಟ್ಟು ಕುಳಿತ ಹೊತ್ತಿನಲ್ಲಿ, ಅವಳು ತನ್ನ ತಂಡಕ್ಕೆ ಹೊಸದೊಂದು ಜೀವಿಯನ್ನು ಸೇರಿಸಿಕೊಂಡಳು. ಕವಣೆ ಎಂದು ಅದರ ಹೆಸರು. ಒಂದೇ ಕಲ್ಲಿಗೆ ಮಿಣುಕನನ್ನು ಕೆಡವುವಂಥದ್ದು. ಬೇರೆ ಯಾರ ಮೇಲೂ ಅವಳಿಗೆ ಅದು ಬೇಕಾಗಿರಲಿಲ್ಲ, ದೊಡ್ಡವಳಿಗಾಗಿಯೇ ತಂದದ್ದು. ಅವಳ ತಂಡದ ಮೂರನೆಯದು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಭಾನುವಾರ ಇಬ್ಬರೂ ಒಂದೇ ಆಟೋದಲ್ಲಿ ಹೋದರು. ಎದುರು ಬದುರು ಕುಳಿತರು. ಸುತ್ತಲೂ ಜನ.

ಚಿಕ್ಕವಳು ಪಾಚಿಕಲ್ಲನ್ನು ಬಿಟ್ಟು ಮುಳ್ಳು ಹರಡಿದಳು. ಕೊಂಬಿನದು ತಿವಿಯಿತು, ಪಾಚಿಕಲ್ಲು ಚೇತರಿಸಿಕೊಂಡಿತು. ದೊಡ್ಡವಳು ಮಿಣುಕನನ್ನು ಬಿಟ್ಟಳು. ಅದು ಹಾರುವುದರಿಂದ ಮುಳ್ಳು ತಾಗಲಿಲ್ಲ. ಕೂಡಲೇ ಚಿಕ್ಕವಳು ಪಾಚಿಕಲ್ಲನ್ನು ಒಳಗೆ ಕರೆದು ಕವಣೆಯನ್ನು ಮುಂದೆ ನಿಲ್ಲಿಸಿದಳು. ದೊಡ್ಡವಳು ಒಂದು ಗಳಿಗೆ ತಡೆದು, ಮಿಣುಕನನ್ನು ಹಿಂದಕ್ಕೆ ಕರೆದುಕೊಂಡು ಕೊಂಬಿನದನ್ನು ಬಿಟ್ಟಳು. ಅದು ಮುಳ್ಳು ತುಳಿದು ಬಂದು, ಮಿಣುಕನಿಗೆ ಬೀಳಬೇಕಿದ್ದ ಕಲ್ಲನ್ನು ತಾನು ತಿಂದಿತು. ಮತ್ತೆ ಪಾಚಿಕಲ್ಲು, ಮತ್ತೆ ನಂಜು. ಕೊಂಬಿನದರಿಂದ ಏನೂ ಆಗದೆ ಮತ್ತೆ ಮಿಣುಕ. ಮತ್ತೆ ಕವಣೆ.

ದೊಡ್ಡವಳಿಗೆ ಅತ್ತ ದರಿ ಇತ್ತ ಪುಲಿ. ಹಾಗೆಂದು ದಾರಿಯೇ ಇರಲಿಲ್ಲವೆಂದಲ್ಲ. ಮಿಣುಕ ಎಲ್ಲರಿಗಿಂತ ಚುರುಕು, ಮೊದಲ ಏಟು ಅದರದ್ದೇ. ಗುರಿ ತಪ್ಪಿದರೆ ಬೀಳುವ ಅಪಾಯವಿತ್ತು ನಿಜ, ಆದರೆ ಕವಣೆಗೊಂದು ಸಿಡಿಲು ಹೊಡೆದಿದ್ದರೆ ಅದು ಬಹುಮಟ್ಟಿಗೆ ಅಲ್ಲೇ ಮುಗಿಯುತ್ತಿತ್ತು. ಕವಣೆ ಇಲ್ಲದ ಮೇಲೆ ಮಿಣುಕನ ಸಿಡಿಲಿಗೆ ಪಾಚಿಕಲ್ಲು ಎಷ್ಟು ಹೊತ್ತು ನಿಂತೀತು? ಅಲ್ಲಿದ್ದ ಕಾಲೇಜು ಹುಡುಗರಿಗೂ ಅದು ಕಾಣುತ್ತಿತ್ತು. "ಆಂಟಿ ಯಾಕೆ ಹೊಡೀತಿಲ್ಲ?" ಎಂದು ಒಬ್ಬ ಪಿಸುಗುಟ್ಟಿದ. ಅದರ ಉತ್ತರ ಗೊತ್ತಿದ್ದವಳು ತಲೆ ಎತ್ತದೆ ಮುಂದಿನ ಗುಂಡಿ ಒತ್ತಿದಳು.

ಇಪ್ಪತ್ತನೇ ಸುತ್ತಿಗೆ ಒಂದು ಕೊಂಬಿನದು ನಂಜಿಗೆ ಉರುಳಿತು. ಇಪ್ಪತ್ತೊಂಬತ್ತನೇ ಸುತ್ತಿಗೆ ಇನ್ನೊಂದು ಉರುಳಿತು. ಕಣದಲ್ಲಿ ಬಾಲದ ದೀಪ ಅಲ್ಲಾಡಿಸುತ್ತಾ ಮಿಣುಕ ಒಂದೇ ಉಳಿಯಿತು. ಸೋಲು ಒಪ್ಪಿಕೊಂಡು ಆಟ ನಿಲ್ಲಿಸುವ ಗುಂಡಿಯೊಂದಿದೆ. ದೊಡ್ಡವಳು ಅದನ್ನೂ ಒತ್ತಲಿಲ್ಲ, ಸಿಡಿಲನ್ನೂ ಹೊಡೆಯಲಿಲ್ಲ, ಬರೀ ಚೇತರಿಕೆಯ ಗುಂಡಿ ಒತ್ತಿದಳು. ಒಮ್ಮೆ ತಲೆ ಎತ್ತಿ ಚಿಕ್ಕವಳ ಮುಖ ನೋಡಿದಳು. ಚಿಕ್ಕವಳು ಫೋನನ್ನೇ ನೋಡುತ್ತಿದ್ದಳು. ಮೂವತ್ತೊಂದನೇ ಸುತ್ತಿನಲ್ಲಿ ಕವಣೆಯ ಕಲ್ಲು ಬಿತ್ತು. ಕೀಂಯ್ ಎಂಬ ಆ ಸಣ್ಣ ಸದ್ದು ಇಡೀ ಮಹಡಿಗೆ ಕೇಳಿಸಿತು.

ಜನ ಚಪ್ಪಾಳೆ ತಟ್ಟಿದರು. ದೊಡ್ಡವಳೂ ತಟ್ಟಿದಳು. ಚಿಕ್ಕವಳಿಗೆ ಗೆದ್ದ ಖುಷಿ ಬರಲೇ ಇಲ್ಲ. ತಾನು ಮಾಡಿದ್ದು ಮೋಸವೆಂದು ಆಟದ ಯಾವ ನಿಯಮವೂ ಹೇಳುವುದಿಲ್ಲ, ಅವಳಿಗೆ ಮಾತ್ರ ಗೊತ್ತಿತ್ತು. ತಾನು ಕೊಟ್ಟ ಉಡುಗೊರೆಯ ಮೇಲೆ ಅಕ್ಕ ಇಟ್ಟ ಪ್ರೀತಿಯನ್ನೇ ಹಿಡಿದು ಅವಳನ್ನು ಕಟ್ಟಿಹಾಕಿದ್ದಳು.

ಮನೆಗೆ ಬಂದಾಗ ಅತ್ತೆ ಕೇಳಿದರು, "ಯಾರ ಭೂತ ಗೆದ್ದಿತು?"

"ನಮ್ಮನೇದೇ ಅತ್ತೆ," ಎಂದು ದೊಡ್ಡವಳು ಕೈಕಾಲು ತೊಳೆಯಲು ಹೋದಳು.

ಸೋಮವಾರ ಚಿಕ್ಕವಳು ಬಲಗಡೆಯ ದವಡೆಹಲ್ಲುಗಳನ್ನು ಎಡಗಡೆ ಕೂರಿಸಿ, ಲ್ಯಾಬಿನ ಯಜಮಾನರ ಕೈಯಲ್ಲಿ ಹದಿನಾರು ವರ್ಷದಲ್ಲಿ ಮೊದಲ ಸಲ ಬೈಸಿಕೊಂಡಳು. ಬೈಸಿಕೊಂಡದ್ದು ಹಿತವಾಗಿತ್ತು. ಇನ್ನೂ ನಾಲ್ಕು ಬೈಯಲಿ ಅನ್ನಿಸಿತು. ಮಂಗಳವಾರ ಊಟದ ಹೊತ್ತಿನಲ್ಲಿ ಅತ್ತೆ ಪಕ್ಕದ ಬೀದಿಯ ಯಾರದೋ ವಿಷಯ ತೆಗೆದು, "ನಂಬಿದವರ ಕುತ್ತಿಗೆ ಕೊಯ್ಯೋರು ಮನೆ ಒಳಗೇ ಇರ್ತಾರೆ," ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಚಿಕ್ಕವಳಿಗೆ ನೀರು ನೆತ್ತಿಗೆ ಹತ್ತಿತು. ಬೆನ್ನು ತಟ್ಟಿದವಳು ದೊಡ್ಡವಳೇ. ಅವಳು ತನ್ನ ರಜೆಯ ಅರ್ಜಿಯನ್ನು ವಾಪಸ್ಸು ಪಡೆದಿದ್ದಾಳೆಂದು ಅದೇ ದಿನ ತಿಳಿಯಿತು. ಕೇಳಿದರೆ, "ಪೈಪು ಒಡೆದಿದೆ ಕಣೆ, ಫೋನು ಜಾಸ್ತಿ," ಎಂದಳು.

ಬುಧವಾರ ಚಿಕ್ಕವಳು ಕೆಲಸ ಬಿಟ್ಟ ಕೂಡಲೇ ಔಷಧಿ ಅಂಗಡಿಗೆ ಹೋದಳು. "ನನ್ನ ಬದಲು ಅಕ್ಕನ ಹೆಸರು ಬರ್ಕೊಳ್ಳಿ. ನನಗೆ ಹೋಗೋಕಾಗಲ್ಲ," ಎಂದಳು.

ಅಂಗಡಿಯವರು ಮಾತ್ರೆಯ ಪಟ್ಟಿ ಕತ್ತರಿಸುತ್ತಾ ನಕ್ಕರು. "ಅವರು ನಿನ್ನೇನೇ ಬಂದು ಹೋದ್ರಮ್ಮ. ಚಿಕ್ಕವಳು ಬಂದು ಹೀಗೆ ಹೇಳ್ತಾಳೆ, ಕಿವಿಗೆ ಹಾಕ್ಕೋಬೇಡಿ ಅಂದ್ರು. ನಿಮ್ಮ ಹೆಸರು ಕಳಿಸಿಯಾಯ್ತು."

ಮಾಡಿದ ತಪ್ಪನ್ನು ಸರಿಮಾಡುವ ಬಾಗಿಲನ್ನೂ ದೊಡ್ಡವಳು ಮುಚ್ಚಿಬಿಟ್ಟಿದ್ದಳು. ಉಳಿದದ್ದು ಬಾಯಿಬಿಟ್ಟು ಹೇಳುವುದೊಂದೇ.

ದೊಡ್ಡವಳು ತಾರಸಿಯ ಮೇಲಿದ್ದಳು. ಹಗ್ಗದಿಂದ ಒಣಗಿದ ಹೊದಿಕೆ ತೆಗೆಯುತ್ತಿದ್ದಳು. ಬಿಸಿಲು ಇನ್ನೂ ಇತ್ತು. ಚಿಕ್ಕವಳು ಹೋಗಿ ಹೊದಿಕೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಎಳೆದು ಕೊಡವಿದರು.

"ಅಕ್ಕ, ಭಾನುವಾರ ನಾನು ಬೇಕಂತಲೇ ಮಾಡಿದೆ. ಮಿಣುಕನ್ನ ನೀವು ಬೀಳೋಕೆ ಬಿಡಲ್ಲ ಅಂತ ಗೊತ್ತಿತ್ತು. ಅದಕ್ಕೇ ಕವಣೇನ ತಂದೆ. ನನ್ನದು ತಪ್ಪಾಯ್ತು. ನನ್ನ ಬೈದುಬಿಡಿ."

"ಗೊತ್ತು ಕಣೆ."

"ಯಾವಾಗ ಗೊತ್ತಾಯ್ತು?"

"ನಾಲ್ಕನೇ ಸಲ ಕವಣೆ ಬಂತಲ್ಲ, ಆಗ."

ಚಿಕ್ಕವಳ ಕೈ ನಿಂತಿತು. "ಆಮೇಲೂ ಯಾಕೆ ಹಿಂದಕ್ಕೆ ಕರ್ಕೊಳ್ತಾನೇ ಇದ್ರಿ? ಒಂದು ಸಿಡಿಲು ಹೊಡೆದಿದ್ರೆ ನೀವೇ ಗೆಲ್ತಿದ್ರಿ. ನೀವೇ ಹೋಗಬಹುದಿತ್ತು ಅಕ್ಕ."

"ಹೌದು, ಗೆಲ್ತಿದ್ದೆ." ದೊಡ್ಡವಳು ಮಡಿಸುತ್ತಾ ಹತ್ತಿರ ಬಂದು, ಅವಳ ಕೈಯಲ್ಲಿದ್ದ ತುದಿಯನ್ನು ತಾನು ತೆಗೆದುಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು ಎಂದು ಚಿಕ್ಕವಳಿಗೆ ಅನ್ನಿಸಿತು.

"ಹೊಡೆಯೋದು ಯಾವಾಗ ಬೇಕಾದ್ರೂ ಹೊಡೀಬಹುದಿತ್ತು. ನನಗೆ ಆಟ ಬೇಡವಾಗಿತ್ತು ಆಗ. ನೀನು ನಿಲ್ಲಿಸ್ತೀಯೇನೋ ಅಂತ ನೋಡ್ತಾ ಇದ್ದೆ. ಈ ಸುತ್ತಿಗೆ ನಿಲ್ಲಿಸ್ತಾಳೆ, ಮುಂದಿನ ಸುತ್ತಿಗೆ ನಿಲ್ಲಿಸ್ತಾಳೆ ಅಂತ. ಮೂವತ್ತೊಂದರ ತನಕ ನೋಡಿದೆ ಕಣೆ."