ಲೋಟದ ತಳ

ನನ್ನ ಬೆಳಗಿನ ನಡಿಗೆ ಮುಗಿಯುವುದು ಸರೋವರದ ಗೇಟಿನಲ್ಲಲ್ಲ, ನಮ್ಮ ಅಡುಗೆಕಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟ ಒಂದು ಸ್ಟೀಲ್ ಲೋಟದ ಬಳಿ. ಅದರಲ್ಲಿ ಬೆಚ್ಚಗಿನ ಗಂಜಿ ತಿಳಿ ಇರುತ್ತದೆ: ಕುಚ್ಚಲಕ್ಕಿ ಬೆಂದ ಮೇಲೆ ಬಸಿದು, ಉಪ್ಪು ಬೆರೆಸಿದ ನಸುಗೆಂಪು ನೀರು. ಉಡುಪಿಯ ಕಡೆಯಿಂದ ಬಂದ ನಮ್ಮಂಥವರು ಅದನ್ನು ಆಹಾರವೆಂದು ಎಣಿಸುವುದಿಲ್ಲ. ಬಾಯಾರಿ ಬಂದವರಿಗೆ ಕೊಡುವುದು, ಅಷ್ಟೆ. ಸಂಖ್ಯಾಶಾಸ್ತ್ರವೆಂಬ ಎಣಿಕೆಯನ್ನೇ ಓದಿ, ಬಾರಾನಗರದ ಸಂಸ್ಥೆಯೊಂದರಲ್ಲಿ ಎಣಿಕೆಯನ್ನೇ ಉದ್ಯೋಗ ಮಾಡಿಕೊಂಡ ನಾನೂ ಅದನ್ನು ಎಣಿಸಿರಲಿಲ್ಲ.

ನನ್ನ ತೂಕದ ವಿಷಯ ನಾನು ಯಾರೊಡನೆಯೂ ಆಡುವವಳಲ್ಲ. ನಿಮ್ಮೊಡನೆ ಆಡುತ್ತಿರುವುದು, ಉಸಿರಿಗೂ ಭಾರವಿದೆಯೇನೋ ಎಂಬಂತೆ ಉಸಿರು ಬಿಗಿಹಿಡಿದು ನೀವೂ ಎಂದಾದರೂ ತೂಕದ ಯಂತ್ರದ ಮೇಲೆ ನಿಂತಿರಬಹುದು ಎಂಬ ನಂಬಿಕೆಯಿಂದ. ಕಳೆದ ಚಳಿಗಾಲದಲ್ಲಿ ವೈದ್ಯರು ನನ್ನ ರಕ್ತದ ವರದಿ ನೋಡಿ, ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ, ತೂಕ ಇಳಿಸಿದರೆ ಹಿಂದಿರುಗಿ ಹೋದೀತು ಎಂದರು. ಅಪ್ಪನನ್ನು ಕೊಂಡೊಯ್ದದ್ದು ಅದೇ ಕಾಯಿಲೆ. ಬ್ಯಾಂಕಿನ ವರ್ಗಾವಣೆಯ ಮೇಲೆ ಬಂಗಾಳಿಗಳ ಈ ಊರಿಗೆ ಬಂದ ಅವರು ಇಲ್ಲಿಯೇ ಉಳಿದು ಇಲ್ಲಿಯೇ ಹೋದರು. ಸದರ್ನ್ ಅವೆನ್ಯೂ ಪಕ್ಕದ ಗಲ್ಲಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ ಈಗ ಅಮ್ಮ ಮತ್ತು ನಾನು. ಕೊನೆಯ ವರ್ಷ ಅಪ್ಪ ಮೆಟ್ಟಿಲು ಹತ್ತುವಾಗ ನಡುವೆ ಕೂರಲೆಂದು ಎರಡನೆಯ ಮಹಡಿಯಲ್ಲಿರುವ, ನಾವು ಮಾಶಿಮಾ ಎಂದು ಕರೆಯುವ ಹಿರಿಯಾಕೆ ತಮ್ಮ ಬಾಗಿಲ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದರು. ಅದನ್ನು ಅವರು ಇನ್ನೂ ಒಳಗೆ ತೆಗೆದಿಲ್ಲ.

ಮೊದಮೊದಲು ಎಲ್ಲವೂ ಸಲೀಸಾಗಿಯೇ ನಡೆಯಿತು. ತಟ್ಟೆಯಲ್ಲಿ ಅನ್ನ ತಗ್ಗಿ ಪಲ್ಯ ಹೆಚ್ಚಿತು, ಮಾಶಿಮಾ ಕಳಿಸುವ ಸಂದೇಶ್ ಮಿಠಾಯಿ ಅಮ್ಮನ ಪಾಲಾಯಿತು, ಚೂಡಿದಾರಗಳು ಸಡಿಲವಾದವು. ಆಮೇಲೆ, ದೋಲ್ ಎಂಬ ಇಲ್ಲಿಯ ಹೋಳಿ ಹಬ್ಬದ ಹೊತ್ತಿಗೆ, ಅಪ್ಪನ ಕಾಲದ ತೂಕದ ಯಂತ್ರದ ಮುಳ್ಳು ಒಂದು ಗೆರೆಯ ಮೇಲೆ ಬಂದು ಕೂತುಬಿಟ್ಟಿತು. ನಾನು ಇನ್ನೂ ದೂರ ನಡೆದೆ, ಇನ್ನೂ ಕಡಿಮೆ ತಿಂದೆ. ಸಿಕ್ಕಿದ್ದು ತಲೆನೋವು ಮತ್ತು ಸಿಡುಕು. ಆಮೇಲೆ ಓದಿ ತಿಳಿದುಕೊಂಡೆ, ಇದು ಎಲ್ಲರಿಗೂ ಆಗುವುದೇ. ಹಗುರಾದ ದೇಹಕ್ಕೆ ಮೊದಲಿನಷ್ಟು ಬೇಕಾಗುವುದಿಲ್ಲ. ಸಾಲದ್ದಕ್ಕೆ, ಬರ ಬಂದಿತೆಂದು ಹೆದರಿ ಅದು ಒಳಗಿನ ಒಲೆಯ ಉರಿಯನ್ನೂ ತಗ್ಗಿಸುತ್ತದೆ. ಅದಕ್ಕೆ ಉಪವಾಸ ಮದ್ದಲ್ಲ. ಸ್ನಾಯುಗಳಿಗೆ ಕೆಲಸ ಕೊಡಬೇಕು, ಬೇಳೆಕಾಳು ಮೊಟ್ಟೆ ಹೆಚ್ಚಿಸಬೇಕು, ಚೆನ್ನಾಗಿ ನಿದ್ದೆ ಮಾಡಬೇಕು. ಹಾಗಾಗಿ ಜಿಮ್ಮಿಗೆ ಸೇರಿ ಭಾರ ಎತ್ತತೊಡಗಿದೆ. ಊರಲ್ಲಿ ಮೂಟೆ ಎತ್ತಿದವರಿಗೆ ಕೂಲಿ ಕೊಡುತ್ತಾರೆ, ಇಲ್ಲಿ ಎತ್ತುವವಳೇ ಕೊಡಬೇಕಂತೆ ಎಂದು ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳಿ ನಕ್ಕರು. ಮುಳ್ಳು ಮಾತ್ರ ಅಲುಗಲಿಲ್ಲ.

ಒಂದು ಭಾನುವಾರ, ತಿಳಿ ಕುಡಿಯುತ್ತಿದ್ದಾಗ ಹಲ್ಲಿಗೆ ಅನ್ನದ ಅಗುಳುಗಳು ಸಿಕ್ಕವು. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆ ಲೋಟದ ತಳದಲ್ಲಿ ಒಂದು ನೆಗ್ಗಿದ ಗುರುತಿದೆ. ಚಿಕ್ಕಂದಿನಲ್ಲಿ ಅದನ್ನು ನೋಡುತ್ತಲೇ ನಾನು ತಿಳಿ ಕುಡಿಯುತ್ತಿದ್ದುದು. ಈಗ ಅದು ಕಾಣಲಿಲ್ಲ. ಮರುದಿನ ಬೇಗ ಹಿಂದಿರುಗಿದೆ. ಅಮ್ಮ ಎರಡು ಸೌಟು ಅನ್ನವನ್ನು ತಿಳಿಯಲ್ಲಿ ಹಾಕಿ, ಸೌಟಿನ ಬೆನ್ನಿನಿಂದ ನುಣ್ಣಗೆ ಕಿವುಚಿ, ಮೇಲೊಂದು ಚಮಚ ತುಪ್ಪ ಬಿಡುತ್ತಿದ್ದರು.

"ಎಂತ ಅಮ್ಮ ಇದು?"

"ಎಂತ ಇಲ್ಲ. ಬರೀ ತಿಳಿ." ಸೌಟು ಮಾತ್ರ ನಿಂತಿತ್ತು. ನನ್ನ ಕಡೆ ತಿರುಗದೆಯೇ ಹೇಳಿದರು: "ನಿನ್ನ ಅಪ್ಪನಿಗೂ ಮೊದಲು ಇಳಿದದ್ದು ಕೆನ್ನೆಯೇ."

ನನ್ನ ಕೆನ್ನೆ ಇಳಿದಷ್ಟೂ ತಿಳಿ ದಪ್ಪವಾಗುತ್ತ ಬಂದಿತ್ತು. ನಾನು ಗೆಲುವೆಂದು ಕಂಡಿದ್ದನ್ನು ಅಮ್ಮ ರೋಗವೆಂದು ಕಂಡಿದ್ದರು. ಅವರು ಹತ್ತಿರದಿಂದ ನೋಡಿದ್ದ ಇಳಿತ ಅಪ್ಪನದೊಂದೇ. ಆ ದಿನ ಬಸ್ಸಿನಲ್ಲಿ ಕೂತು ಯೋಚಿಸಿದೆ: ನನ್ನ ದೇಹ ನನ್ನೊಳಗೆ ಮಾಡುತ್ತಿದ್ದುದೂ ಇದನ್ನೇ ಅಲ್ಲವೇ? ಅದೂ ಒಬ್ಬ ತಾಯಿಯೇ. ಕೇಳದೆ ಬಚ್ಚಿಡುತ್ತದೆ, ಹೇಳದೆ ಉಳಿಸುತ್ತದೆ. ಇಲ್ಲಿಯವರು ಗಂಜಿ ತಿಳಿಗೆ ಫ್ಯಾನ್ ಎನ್ನುತ್ತಾರೆ. ಹಿಂದೊಮ್ಮೆ ಬರಗಾಲದಲ್ಲಿ ಜನ ಈ ಬೀದಿಗಳಲ್ಲಿ ಅನ್ನವನ್ನಲ್ಲ, ಬರೀ ಫ್ಯಾನ್ ಬೇಡುತ್ತ ಬಾಗಿಲಿಂದ ಬಾಗಿಲಿಗೆ ಅಲೆದದ್ದನ್ನು ಮಾಶಿಮಾ ತಮ್ಮ ತಾಯಿಯಿಂದ ಕೇಳಿದ್ದರಂತೆ. ಹಸಿವಿನ ಭಯ ಬುದ್ಧಿಗಿಂತ ಹಳೆಯದು. ಅದರೊಡನೆ ವಾದ ಮಾಡಿ ಗೆಲ್ಲಲಾಗದು. ಭರವಸೆ ಕೊಡಬಹುದು, ಅಷ್ಟೆ. ಲೋಟವನ್ನು ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಬೇಡವೆನ್ನದಿದ್ದರೆ ಹೊಸ್ತಿಲಲ್ಲಿ ನಿಂತದ್ದು ಒಳಗೆ ಬರುತ್ತದೆ ಎಂಬುದೂ ಗೊತ್ತಿತ್ತು.

ಮುಂದಿನ ಭಾನುವಾರ ಅಮ್ಮನನ್ನು ಲೇಕ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಸಾಮಾನ್ಯವಾಗಿ ನಾವು ಕುಚ್ಚಲಕ್ಕಿಯನ್ನು ಸ್ವಲ್ಪ ಸ್ವಲ್ಪವೇ ತರುವುದು. ಅಂದು ಇಡೀ ಚೀಲ ಕೊಂಡೆ. ಗಲ್ಲಿಯಲ್ಲಿ ರಿಕ್ಷಾ ಇಳಿದು, ಅಮ್ಮ ಬೇಡ ಬೇಡ ಎನ್ನುತ್ತಿರುವಾಗಲೇ, ಜಿಮ್ಮಿನಲ್ಲಿ ಕಲಿತಂತೆ ಮಂಡಿ ಬಗ್ಗಿಸಿ, ಬೆನ್ನು ನೇರವಾಗಿಟ್ಟು, ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿದೆ. ಹಿಂದಿನಿಂದ ಅವರ "ನಿಧಾನ, ನಿಧಾನ" ಕೇಳಿಸುತ್ತಲೇ ಇತ್ತು. ಎರಡನೆಯ ಮಹಡಿಯ ಕುರ್ಚಿಯನ್ನು ದಾಟಿ ಹೋದೆ. ನಮ್ಮ ಬಾಗಿಲಲ್ಲಿ ಚೀಲ ಇಳಿಸಿ ಕಂಬಿಯ ಮೇಲಿಂದ ಬಗ್ಗಿ ನೋಡಿದರೆ, ಅಮ್ಮ ಆ ಕುರ್ಚಿಯಲ್ಲಿ ಕೂತು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಅಪ್ಪ ಹೋದ ಮೇಲೆ ಅದರಲ್ಲಿ ಅವರು ಕೂತದ್ದನ್ನು ನಾನು ಕಂಡಿರಲಿಲ್ಲ.

"ನಿನಗೆ ಏದುಸಿರು ಬರ್ಲಿಲ್ವಾ?"

"ಇಲ್ಲಮ್ಮ."

ಅವರು ಕುರ್ಚಿಯ ಕೈಯನ್ನು ಸೆರಗಿನಿಂದ ಒಮ್ಮೆ ಒರೆಸಿ ಎದ್ದರು. "ಹಾಗಾದ್ರೆ ಇದು ಅದಲ್ಲ," ಎಂದರು, ನನಗೋ ತಮಗೋ.

ಮುಳ್ಳು ಆ ವಾರ ಅಲುಗಲಿಲ್ಲ, ಮುಂದಿನ ವಾರವೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ, ಯಾರಿಗೂ ಹೇಳದೆ, ಗೆರೆಯಿಂದ ಕೂದಲೆಳೆಯಷ್ಟು ಹಿಂದಕ್ಕೆ ಸರಿದಿತ್ತು. ಹೊಸ್ತಿಲಲ್ಲಿದ್ದದ್ದು ಪೂರ್ತಿ ಹಿಂದಿರುಗಿಲ್ಲ, ಆದರೆ ಬೆನ್ನು ತಿರುಗಿಸಿದೆ ಎಂದು ವೈದ್ಯರು ಹೇಳುತ್ತಾರೆ.

ಲೋಟ ಈಗಲೂ ಕಟ್ಟೆಯ ಮೇಲಿರುತ್ತದೆ, ತಟ್ಟೆ ಮುಚ್ಚಿಕೊಂಡು. ತಿಳಿಯನ್ನು ನಾನೀಗ ಲೆಕ್ಕಕ್ಕೆ ಸೇರಿಸಿ, ಅಷ್ಟು ಅನ್ನವನ್ನು ಮಧ್ಯಾಹ್ನ ಬಿಡುತ್ತೇನೆ. ಬೆಳಕಿಗೆ ಹಿಡಿದರೆ ತಳದ ನೆಗ್ಗು ಮತ್ತೆ ಕಾಣುತ್ತದೆ. ಅದರ ಗುಂಡಿಯಲ್ಲಿ, ಬಸಿಯುವಾಗ ಜಾರಿತೋ ಬೇಕೆಂದೇ ಬಿಟ್ಟರೋ ಗೊತ್ತಿಲ್ಲ, ನಾಲ್ಕಾರು ಅಗುಳುಗಳಿರುತ್ತವೆ. ಅವನ್ನು ನಾನು ಎಣಿಸುವುದಿಲ್ಲ.