ಹುಳು ಊಟ ಬಿಟ್ಟ ಮಧ್ಯಾಹ್ನ

ಮೊನ್ನೆ ನನಗೆ ಎರಡು ಟ್ರಾಕ್ಟರ್ ಲೋಡು ಸೌದೆ, ಮೇಲೊಂದು ಕೊಪ್ಪರಿಗೆ ಬೆಲ್ಲ ಖರ್ಚಾಯಿತು. ಯಾಕೆ ಗೊತ್ತೆ? ನಾಲೆಯಾಚೆ ಮನೆಯ ಹುಳುಗಳು ಊಟ ಬಿಟ್ಟವು, ಅದಕ್ಕೆ.

ನಗಬೇಡಿ. ಪೂರ್ತಿ ಕೇಳಿ.

ಪಾಂಡವಪುರದಾಚೆ, ನಾಲೆ ಪಕ್ಕ ನನ್ನದೊಂದು ಆಲೆಮನೆಯಿದೆ. (ಅಪ್ಪ ಬಿಟ್ಟುಹೋದದ್ದಲ್ಲ. ಸೈಕಲ್ಲಿಗೆ ಬೆಲ್ಲ ಕಟ್ಟಿಕೊಂಡು ಕೆ.ಆರ್. ಪೇಟೆ ಸಂತೆಗೆ ತುಳಿದು ಸಂಪಾದಿಸಿದ್ದು.) ಈಗ ಹೊಗೆ ತಡೆಯಲು ಹೊಸ ರೂಲ್ಸು ಬರುತ್ತದಂತೆ. ಒಲೆಗೆ ಹಳೇ ಟೈರು ಹಾಕುವಂತಿಲ್ಲ, ಚಿಮಣಿ ಎತ್ತರಿಸಬೇಕು. ಇದರಿಂದ ಯಾರಿಗೆ ಏನು ನಷ್ಟ, ಬರೆದು ಕೊಡಿ ಎಂದು ಸರ್ಕಾರಿ ಆಫೀಸಿನವರು ಕೇಳಿದ್ದಾರೆ.

ಟೈರು ಯಾಕೆ ಹಾಕುತ್ತೇವೆ? ಕಬ್ಬಿನ ಸಿಪ್ಪೆ ಬೇಗ ಒಣಗುವುದಿಲ್ಲ, ಸೌದೆ ದುಬಾರಿ. ಒಂದು ತುಂಡು ಟೈರು ಎಸೆದರೆ ಸಾಕು, ಉರಿ ಎದ್ದು ನಿಲ್ಲುತ್ತದೆ.

ಸುತ್ತಲಿನ ನಾಲ್ಕು ತಾಲ್ಲೂಕಿನ ಆಲೆಮನೆಯವರು ಶ್ರೀರಂಗಪಟ್ಟಣದಲ್ಲಿ ಸೇರಿ ಈ ನಷ್ಟದ ಅಂದಾಜು ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಬೂಕನಕೆರೆಯ ಬೋರಣ್ಣ ಬೆನ್ನಿಗೆ ಗುದ್ದಿ ಹೇಳಿದ: ‘ಪೇಪರ್‌ಗೆ ಬರಿಯೋನು ನೀನೇ ತಾನೆ? ಜಡಿಯಲಾ, ಆಪೀಸ್ನೋರು ಬೆವರ್ಬೇಕು!’

ಜಡಿದೆ. ಬೆಲ್ಲದ ಮಂಡಿಯಲ್ಲಿ ಕಲಿತ ವಿದ್ಯೆ ಒಂದೇ: ಎರಡರಷ್ಟು ಹೇಳು, ಅರ್ಧಕ್ಕೆ ಇಳಿ. ಚಿಮಣಿ, ಇಟ್ಟಿಗೆ, ಗಾರೆ, ಸೌದೆ, ಕೂಲಿ, ಯಾವುದನ್ನೂ ಬಿಡಲಿಲ್ಲ. ಓದಿದರೆ ನನಗೇ ಅಳು ಬರಬೇಕು, ಹಾಗಿತ್ತು.

ಊರಿನವರ ಸಹಿಯೂ ಇದ್ದರೆ ತೂಕ ಹೆಚ್ಚು, ಅಲ್ಲವೆ? ನಾಲೆಯಾಚೆಯ ಜಯಮ್ಮನ ಮನೆಗೆ ಹೋದೆ. ರೇಷ್ಮೆ ಹುಳು ಸಾಕುವ ಹೆಂಗಸು. ಮಗಳು ನಾಗಮಂಗಲದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಾಳೆ. ಈ ಸಲದ ಗೂಡು ಕೈಗೆ ಬಂದರೆ ಹುಡುಗಿ ಓದು ಮುಂದುವರಿಸುತ್ತಾಳೆ, ಬರದಿದ್ದರೆ ಪೆಟ್ಟಿಗೆ ಹೊತ್ತು ಮನೆಗೆ.

ಹುಳದ ಮನೆಯೊಳಕ್ಕೆ ಹೊರಗಿನವರನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಸೋಂಕಿನ ಭಯ, ಕಣ್ಣುಬೀಳುವ ಭಯ. ಇಷ್ಟು ವರ್ಷ ನಾನೂ ಒಳಗೆ ಕಾಲಿಟ್ಟಿರಲಿಲ್ಲ. ಅವತ್ತು ಜಯಮ್ಮ ಪೆನ್ನು ಮುಟ್ಟಲಿಲ್ಲ.

‘ಸೈನು ಆಮೇಕೆ ಆಕ್ತೀನಿ. ಆ ಬೀಡಿ ಬಿಸಾಕಿ, ಕಾಲ್ ತೊಳ್ಕೊಂಡು ಒಳಿಕ್ ಬಾ ಅಣ್ಣೋ. ಬಾಯಿ ಮಾತ್ರ ಬಿಚ್ಬ್ಯಾಡ.’

ಒಳಗೆ ನಸುಗತ್ತಲು. ಸೂರಿನವರೆಗೂ ಹುಳು ಸಾಕುವ ತಟ್ಟೆ ಮೇಲೆ ತಟ್ಟೆ. ಹಂಚಿನ ಮೇಲೆ ಸೋನೆ ಹಿಡಿದ ಸದ್ದು. ಮಳೆಯೇ? ಬಾಗಿಲತ್ತ ತಿರುಗಿದೆ. ಹೊರಗೆ ಸುಡುಬಿಸಿಲು! ಸಾವಿರಾರು ಹುಳುಗಳು ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಅದು. ಬೆರಳು ಗಾತ್ರದ ಪ್ರಾಣಿ. ಹಾಕಿದ ಸೊಪ್ಪು ನೋಡನೋಡುತ್ತ ಬರೀ ಕಡ್ಡಿ. ಮಾತಿನಲ್ಲೇ ಬದುಕುವ ನಾನು ಬಾಯಿ ಬಿಟ್ಟುಕೊಂಡು ನಿಂತೆ.

ಆಗ ಗಾಳಿ ತಿರುಗಿತು.

ವಾಸನೆ ನನಗೆ ಗೊತ್ತಾಗುವ ಮೊದಲೇ ಮೂಲೆಯೊಂದರಲ್ಲಿ ಸದ್ದು ತೆಳುವಾಯಿತು. ಆಮೇಲೆ ಮಗ್ಗುಲಲ್ಲಿ. ಆಮೇಲೆ ಇಡೀ ಮನೆ ಗಪ್. ಮಳೆ ಕೂಡ ಹಾಗೆ ನಿಲ್ಲುವುದಿಲ್ಲ ಸ್ವಾಮಿ. ಒಂದೊಂದು ಹುಳವೂ ತಲೆಯೆತ್ತಿ ಅತ್ತಿತ್ತ ತೂಗುತ್ತಿತ್ತು, ಯಾರನ್ನೋ ಹುಡುಕುವಂತೆ.

ಯಾರನ್ನು? ನನ್ನನ್ನೇ ಇರಬೇಕು.

ಜಯಮ್ಮ ಬೈಯಲಿಲ್ಲ. ಪಿಸುದನಿಯಲ್ಲಿ ಅಂದಳು: ‘ನಿಮ್ಮೋರು ಟೈರ್ ಆಕುದ್ರು ಕಣಣ್ಣೋ. ನಮಗಿಂತ ಮೊದ್ಲು ಇವಕ್ಕೇ ಗೊತ್ತಾಯ್ತದೆ.’

ಓಡಿದೆ. (ನನ್ನ ಹೊಟ್ಟೆ ನೋಡಿದವರು ನಂಬಲಿಕ್ಕಿಲ್ಲ.) ಒಲೆ ಮುಂದೆ ಉರಿ ಹಾಕುವ ಆಳು ಕೆಂಪ ಇನ್ನೊಂದು ತುಂಡು ಟೈರು ಎತ್ತಿಕೊಂಡಿದ್ದ.

‘ಲೇ ಕೆಂಪ, ಎಳೀಲಾ ಟೈರ್ನ ಆಚ್ಗೆ!’

‘ಯಾಕಣ್ಣೋ, ಏನಾರ ದೆವ್ವ ಮೆಟ್ಕೊಂಡದಾ? ಪಾಕ ಬರೋ ಒತ್ತು. ಈಗ ಉರಿ ಕಳುದ್ರೆ ಬೆಲ್ಲ ಅಚ್ಚಲ್ಲಿ ನಿಲ್ಲಾಕಿಲ್ಲ!’

‘ಓದ್ರೆ ಓಗ್ಲಿ ಬುಡ್ಲಾ!’

ಹೋಯಿತು. ಆ ಕೊಪ್ಪರಿಗೆಯ ಬೆಲ್ಲ ಗಟ್ಟಿಯಾಗದೆ ಅಂಟಾಗಿ ಉಳಿಯಿತು. ಚೌಕಾಸಿಯನ್ನೂ ಮಾಡದೆ ಸೌದೆ ತರಿಸಿದೆ. ನನ್ನ ಜನ್ಮದಲ್ಲಿ ಅದೇ ಮೊದಲು.

ಮತ್ತೆ ಹೋಗಿ ಜಯಮ್ಮನ ಕಿಟಕಿ ಕೆಳಗೆ ಕಿವಿಕೊಟ್ಟು ನಿಂತೆ. ಸದ್ದಿಲ್ಲ. ಬಿಸಿಲು ಇಳಿಯಿತು. ಆಗಲೂ ಇಲ್ಲ. ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸಿನ ಪಾಡು. ಕೊನೆಗೆ ಎಲ್ಲೋ ಒಂದು ಹನಿ ಬಿದ್ದ ಹಾಗೆ. ಇನ್ನೊಂದು. ಮತ್ತೆ ಮನೆ ತುಂಬ ಸೋನೆ. ಒಳಗಿನಿಂದ ಜಯಮ್ಮ ಕೂಗಿದಳು: ‘ಬಾಯಾಕ್ತಾವೆ ಕಣಣ್ಣೋ!’

ಕಿಟಕಿ ಪಕ್ಕದ ಎರಡು ತಟ್ಟೆಯ ಹುಳುಗಳು ಮಾತ್ರ ಬಾಯಿ ಹಾಕಲೇ ಇಲ್ಲ. ಅವನ್ನು ಗುಂಡಿಗೆ ಹಾಕಿದಳು. ಉಳಿದವು ಗೂಡು ಕಟ್ಟಿದವು. ಹುಡುಗಿ ಹಾಸ್ಟೆಲ್ಲಿನಲ್ಲೇ ಇದ್ದಾಳೆ.

ನನ್ನ ಅಂದಾಜನ್ನು ಹರಿದು ಹೊಸದಾಗಿ ಬರೆದೆ. ರೂಲ್ಸು ಬರಲಿ, ಆದರೆ ಚಿಮಣಿ ಕಟ್ಟಲು ಒಂದು ಹಂಗಾಮು ಟೈಮು ಕೊಡಿ, ಬ್ಯಾಂಕಿನಿಂದ ಸಾಲ ಕೊಡಿಸಿ ಎಂದು. (ಚೌಕಾಸಿ ಪೂರ್ತಿ ಬಿಟ್ಟಿಲ್ಲ.) ನಷ್ಟದ ಪಟ್ಟಿಯಲ್ಲಿ ಜಯಮ್ಮನ ಎರಡು ತಟ್ಟೆಗಳೂ ಸೇರಿವೆ.

ಬೋರಣ್ಣ ಉರಿದುಬಿದ್ದ. ‘ಉಳಕ್ಕೆ ಎದ್ರುಕೊಂಡ್ಯೇನ್ಲಾ?’

‘ಊಂ ಕಣ್ಲಾ. ನಿನ್ ಒಲೆ ಒಗೆ ಯಾರ ಮನೇಗ್ ಓಯ್ತದೆ, ಯೋಳು ನೋಡಾನ.’

ಅವನ ಆಲೆಮನೆಯ ಬೆನ್ನಿಗೇ ಅವನ ಸ್ವಂತ ತಂಗಿ ಹುಳು ಮೇಯಿಸುತ್ತಾಳೆ.

ನಿಮ್ಮೂರಲ್ಲೂ ಇಂಥ ನಷ್ಟದ ಲೆಕ್ಕ ಬರೆಯುವವರಿದ್ದರೆ ನನ್ನದೊಂದು ಪುಕ್ಕಟೆ ಸಲಹೆ: ಪೆನ್ನು ತೆಗೆಯುವ ಮೊದಲು ಗಾಳಿ ಯಾವ ಕಡೆ ಬೀಸುತ್ತದೆ ನೋಡಿ, ಆ ಕಡೆಯ ಮೊದಲನೇ ಮನೆಗೆ ಹೋಗಿ, ಕಾಲು ತೊಳೆದುಕೊಂಡು, ಬಾಯಿ ಮುಚ್ಚಿ ನಿಂತು ಕೇಳಿ.